ಕೊರಿಯಾ ತೋರಿಸುವವರು ಪೂರ್ತಿ ತೋರಿಸಲಿ

ಸರ್ಕಾರಿ ಸಾಲಿಗೆ ಇಂಗ್ಲಿಷ್ ಮಾಧ್ಯಮದ ಬೋರ್ಡು ಹಾಕುವ ಮಾತು ಎದ್ದಾಗಲೆಲ್ಲ ನಮ್ಮ ಭಾಗದ ವೇದಿಕೆಗಳಿಗೆ ದಕ್ಷಿಣ ಕೊರಿಯಾ ಬಂದೇ ಬರುತ್ತದೆ. ಈ ವಾರವೂ ಬಂತು. ಕೊರಿಯಾದವರು ಅಮೆರಿಕ, ಇಂಗ್ಲೆಂಡಿನಿಂದ ಮಾಸ್ತರರನ್ನು ವಿಮಾನದಲ್ಲಿ ಕರೆಸಿ, ಇರಲು ಮನೆ ಕೊಟ್ಟು, ಕೈತುಂಬ ಪಗಾರ ಕೊಟ್ಟು ಮಕ್ಕಳಿಗೆ ಇಂಗ್ಲಿಷ್ ಕಲಿಸಿದರಂತೆ. ಅದಕ್ಕೇ ಇವತ್ತು ಜಗತ್ತಿಗೆಲ್ಲ ಫೋನು, ಟಿವಿ, ಕಾರು ಮಾರುತ್ತಾರಂತೆ. ಆದ್ದರಿಂದ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳಿಗೂ ಒಂದನೇ ಇಯತ್ತೆಯಿಂದ ಗಣಿತ, ವಿಜ್ಞಾನ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸಿಬಿಟ್ಟರೆ ಉದ್ಧಾರವಂತೆ. ಇದರಲ್ಲಿ ಮೊದಲ ಮಾತು ನಿಜ. ಎರಡನೆಯದು ತಲೆಕೆಳಗಾದ ಲೆಕ್ಕ. ಮೂರನೆಯದಕ್ಕೂ ಕೊರಿಯಾಕ್ಕೂ ಸಂಬಂಧವೇ ಇಲ್ಲ. ಇಷ್ಟು ವರ್ಷ ಈ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದದ್ದು ಸಾಕು.

ಮೊದಲು ಇಸವಿಗಳನ್ನು ನೋಡೋಣ, ವೇದಿಕೆಯ ಮೇಲೆ ಅವುಗಳನ್ನು ಯಾರೂ ಹೇಳುವುದಿಲ್ಲ. ಕೊರಿಯಾದ ಸರ್ಕಾರಿ ಸಾಲಿಗಳಿಗೆ ವಿದೇಶಿ ಮಾಸ್ತರರನ್ನು ಕರೆಸುವ ‘ಎಪಿಕ್’ ಯೋಜನೆ ಶುರುವಾಗಿದ್ದು 1995ರಲ್ಲಿ. ಪ್ರಾಥಮಿಕ ಸಾಲಿಯಲ್ಲಿ ಇಂಗ್ಲಿಷ್ ಕಡ್ಡಾಯ ವಿಷಯವಾಗಿದ್ದು 1997ರಲ್ಲಿ, ಅದೂ ಮೂರನೇ ಇಯತ್ತೆಯಿಂದ. ಅಷ್ಟರೊಳಗೆ ಪೋಹಾಂಗ್‌ನ ಉಕ್ಕಿನ ಕಾರ್ಖಾನೆ ಕುಲುಮೆ ಹೊತ್ತಿಸಿ ಇಪ್ಪತ್ತು ವರ್ಷ ದಾಟಿತ್ತು. ಸ್ಯಾಮ್ಸಂಗ್ 1983ರಲ್ಲೇ ಮೆಮೊರಿ ಚಿಪ್ ತಯಾರಿಸಿತ್ತು. ಹ್ಯುಂಡೈ ಕಾರು 1986ರಲ್ಲಿ ಅಮೆರಿಕದ ರಸ್ತೆಗಿಳಿದಿತ್ತು. ಸೋಲ್ ನಗರ 1988ರ ಒಲಿಂಪಿಕ್ಸ್ ನಡೆಸಿ ಕೈ ತೊಳೆದುಕೊಂಡಿತ್ತು. ಅಂದರೆ ಆ ಕಾರ್ಖಾನೆಗಳನ್ನು ಕಟ್ಟಿದ ಎಂಜಿನಿಯರುಗಳು, ಫಿಟ್ಟರುಗಳು, ಲೆಕ್ಕಪತ್ರದವರು ಬಹುಪಾಲು ಸಾಲಿಯಲ್ಲಿ ಗಣಿತ ಕಲಿತದ್ದು ಕೊರಿಯನ್ನಿನಲ್ಲಿ, ವಿಜ್ಞಾನ ಕಲಿತದ್ದೂ ಕೊರಿಯನ್ನಿನಲ್ಲಿ. ಇಂಗ್ಲಿಷ್ ಮಾಸ್ತರರನ್ನು ಕರೆಸಿದ್ದರಿಂದ ದುಡ್ಡು ಬರಲಿಲ್ಲ. ದುಡ್ಡು ಬಂದದ್ದರಿಂದ ಇಂಗ್ಲಿಷ್ ಮಾಸ್ತರರನ್ನು ಕರೆಸಲಿಕ್ಕಾಯಿತು. ಇವತ್ತಿಗೂ ಅಲ್ಲಿನ ಸರ್ಕಾರಿ ಸಾಲಿಯ ಹುಡುಗ ಇಂಗ್ಲಿಷನ್ನು ಒಂದು ವಿಷಯವಾಗಿ ಓದುತ್ತಾನೆ, ಉಳಿದದ್ದೆಲ್ಲ ಅವನ ಭಾಷೆಯಲ್ಲೇ. 2008ರ ಜನವರಿಯಲ್ಲಿ ಅಧಿಕಾರಕ್ಕೆ ಬರಲಿದ್ದ ಲೀ ಮ್ಯುಂಗ್ ಬಾಕ್ ಅವರ ತಂಡ ಬೇರೆ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಪ್ರಸ್ತಾಪ ತೇಲಿಬಿಟ್ಟಿತ್ತು. ದೇಶವೇ ಮೈಮೇಲೆ ಬಿದ್ದದ್ದರಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಮ್ಮ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಯೋಜನೆ ಕೊರಿಯಾದಲ್ಲಿ ಒಂದು ತಿಂಗಳೂ ಬಾಳಲಿಲ್ಲ.

ನ್ಯಾಯಾಲಯಗಳ ಮಟ್ಟದಲ್ಲಂತೂ ಹೋಲಿಕೆ ಇನ್ನೂ ಚುರುಕು. 2014ರ ಮೇ 6ರಂದು ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಭಾಷಾ ನೀತಿಯನ್ನು ತಳ್ಳಿಹಾಕಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದಿತು. ಎರಡೇ ವರ್ಷದಲ್ಲಿ, 2016ರಲ್ಲಿ, ಹೆಚ್ಚುಕಡಿಮೆ ಇಂಥದೇ ತಕರಾರನ್ನು ಕೊರಿಯಾದ ಸಂವಿಧಾನ ನ್ಯಾಯಾಲಯ ತೀರ್ಮಾನಿಸಿತು. ಸೋಲ್‌ನ ಒಂದು ಖಾಸಗಿ ಪ್ರಾಥಮಿಕ ಸಾಲಿ ಒಂದು, ಎರಡನೇ ಇಯತ್ತೆಗೇ ಇಂಗ್ಲಿಷ್ ಕಲಿಸುತ್ತಿತ್ತು, ಬೇರೆ ಪಾಠಗಳನ್ನೂ ಇಂಗ್ಲಿಷಿನಲ್ಲಿ ನಡೆಸುತ್ತಿತ್ತು. ಸರ್ಕಾರ ಅದಕ್ಕೆ ತಡೆ ಹಾಕಿತು. ಪಾಲಕರು ಕೋರ್ಟಿಗೆ ಹೋದರು, ಸೋತರು. ನಮ್ಮ ಪೀಠದ ತೀರ್ಪು ಸಂವಿಧಾನದ ಅಕ್ಷರಕ್ಕೆ ಸರಿಯಿರಬಹುದು, ಅದು ವಕೀಲರಿಗೆ ಬಿಟ್ಟದ್ದು. ನನ್ನ ತಕರಾರು ಇಷ್ಟೇ: ಸಣ್ಣ ಮಕ್ಕಳನ್ನು ಇಂಗ್ಲಿಷಿನಲ್ಲಿ ಮುಳುಗಿಸುವುದನ್ನು ಕಾನೂನು ಹಾಕಿ ತಡೆದ ದೇಶವನ್ನೇ, ಸಣ್ಣ ಮಕ್ಕಳನ್ನು ಇಂಗ್ಲಿಷಿನಲ್ಲಿ ಮುಳುಗಿಸುವುದಕ್ಕೆ ಸಾಕ್ಷಿಯಾಗಿ ಕರೆದು ನಿಲ್ಲಿಸುವುದು ಯಾವ ಸೀಮೆಯ ನ್ಯಾಯ?

ಇನ್ನು ವಿಮಾನದಲ್ಲಿ ಬಂದ ಆ ಮಾಸ್ತರರ ವಿಚಾರ. ಅವರ ವೀಸಾಕ್ಕೆ ‘ಇ-2’ ಅನ್ನುತ್ತಾರೆ. ಏಳು ದೇಶದವರಿಗೆ ಅದು ಸಲೀಸು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅವರಿಗೆ ಯಾವ ವಿಷಯದ ಡಿಗ್ರಿಯಾದರೂ ನಡೆಯುತ್ತದೆ. 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದ ದೆಸೆಯಿಂದ ಭಾರತೀಯರಿಗೂ ಬಾಗಿಲು ತುಸು ತೆರೆದಿದೆ, ಆದರೆ ನಮ್ಮವರಿಗೆ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಬೇಕೇ ಬೇಕು. ಇಂಗ್ಲಿಷ್ ಎಂ.ಎ., ಮೇಲೆ ಬಿ.ಎಡ್. ಮಾಡಿದ ಶಹಾಪುರದ ಹುಡುಗಿ ಕಾಗದದ ಮೇಲೆ ಕಾಗದ ತೋರಿಸಬೇಕು. ಲಂಡನ್ನಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನಿಗೆ ಪಾಸ್‌ಪೋರ್ಟೇ ಅರ್ಧ ಸರ್ಟಿಫಿಕೇಟು. ಇದು ಕೊರಿಯಾದವರ ಹಮ್ಮು, ಅವರ ಸಾಲಿ, ಅವರ ದುಡ್ಡು, ಇರಲಿ. ಆದರೂ ಅವರು ಒಂದು ಎಚ್ಚರ ಇಟ್ಟುಕೊಂಡಿದ್ದಾರೆ. ಸರ್ಕಾರಿ ಸಾಲಿಯಲ್ಲಿ ಆ ವಿದೇಶಿಯ ಹುದ್ದೆ ಸಹಾಯಕನದು. ವಾರಕ್ಕೆ 22 ಪಿರಿಯಡ್, ವರ್ಷದ ಗುತ್ತಿಗೆ, ಪಾಠದ ಹೊತ್ತಿಗೆ ಪಕ್ಕದಲ್ಲಿ ಕೊರಿಯಾದ ಖಾಯಂ ಶಿಕ್ಷಕ. ಆ ಖಾಯಂ ಶಿಕ್ಷಕ ಶಿಕ್ಷಣದ್ದೇ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ, ನೇಮಕಾತಿ ಪರೀಕ್ಷೆ ಗೆದ್ದು ಬಂದವನು. ಪಾಠದ ಹೊಣೆ, ಮಕ್ಕಳ ಹೊಣೆ, ಅಂಕದ ಹೊಣೆ ಅವನದು. ಬಿಳಿಯ ಮಾಸ್ತರ ಉಚ್ಚಾರಕ್ಕೆ, ಮಾತಿನ ರೂಢಿಗೆ. 2010ರ ದಶಕದಲ್ಲಿ ಬಜೆಟ್ ಬಿಗಿಯಾದಾಗ ಸೋಲ್ ನಗರದ ಶಿಕ್ಷಣ ಇಲಾಖೆ ಇಂಥ ಹುದ್ದೆಗಳಿಗೆ ಕತ್ತರಿ ಹಾಕಿತು. ಸಾಲಿ ಮುಚ್ಚಲಿಲ್ಲ, ಪಾಠ ನಿಲ್ಲಲಿಲ್ಲ.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲೂ ವರ್ಷದ ಗುತ್ತಿಗೆಯ ಮಾಸ್ತರರಿದ್ದಾರೆ, ಅತಿಥಿ ಶಿಕ್ಷಕರು. ಅವರಿಗೆ ಸಿಗುವುದು ತಿಂಗಳಿಗೆ 12 ಸಾವಿರದ ಆಸುಪಾಸು, ಅದೂ ಕೈಗೆ ಬರುವ ಹೊತ್ತಿಗೆ ಎರಡು ಹಬ್ಬ ಕಳೆದಿರುತ್ತವೆ. ಕೊರಿಯಾದ ಗುತ್ತಿಗೆಯವನಿಗೆ ತಿಂಗಳಿಗೆ 20 ಲಕ್ಷ ವಾನ್‌ಗೂ ಮೇಲೆ, ನಮ್ಮ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ, ಮೇಲೆ ಮನೆ. ಪಗಾರದ ಅಂತರ ಬಿಡಿ, ಅದು ಎರಡು ದೇಶಗಳ ಅಂತರ. ನೋಡಬೇಕಾದ ವ್ಯತ್ಯಾಸ ಬೇರೆ. ಅಲ್ಲಿ ಗುತ್ತಿಗೆಯ ಮಾಸ್ತರ ಊಟದ ಜೊತೆಗಿನ ಉಪ್ಪಿನಕಾಯಿ, ಇಲ್ಲಿ ಅವನೇ ರೊಟ್ಟಿ, ಅವನೇ ಪಲ್ಯ. ಹುಣಸಗಿ, ವಡಗೇರಾ, ಗುರುಮಠಕಲ್ ಸುತ್ತಿನ ಎಷ್ಟೋ ಸಾಲಿಗಳಲ್ಲಿ ಅವನ ಪಕ್ಕದಲ್ಲಿ ನಿಲ್ಲಲು ಖಾಯಂ ಶಿಕ್ಷಕ ಇಲ್ಲ, ಇದ್ದವನು ಗಣತಿಗೋ ಚುನಾವಣೆಯ ಕೆಲಸಕ್ಕೋ ಹೋಗಿರುತ್ತಾನೆ. ತಾನೇ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಆ ಅತಿಥಿ ಶಿಕ್ಷಕ ಎರಡು ಮೂರು ಇಯತ್ತೆಗಳನ್ನು ಒಂದೇ ಖೋಲಿಯಲ್ಲಿ ಕೂರಿಸಿಕೊಂಡು, ಭಿನ್ನರಾಶಿಯನ್ನು ಇಂಗ್ಲಿಷಿನಲ್ಲಿ ಹೇಳಿಕೊಡಬೇಕು ಎಂಬುದು ನಮ್ಮ ಯೋಜನೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗಲೂ ಮೊದಲು ಬಂದದ್ದು ಆದೇಶ. ಕಲಿಸುವವರು ಯಾರು ಎಂಬ ಪ್ರಶ್ನೆ ಆಮೇಲೆ ಬಂತು, ಇನ್ನೂ ಹೋಗಿಲ್ಲ.

ಸುರಪುರದ ಕಡೆಯವರು ಇಲ್ಲಿ ಒಂದು ಮಾತು ತೆಗೆಯುತ್ತಾರೆ, ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಪರದೇಶದ ಗುರುವಿನ ಪ್ರಯೋಗ ಕೊರಿಯಾಕ್ಕಿಂತ ನೂರೈವತ್ತು ವರ್ಷ ಮೊದಲೇ ನಮ್ಮಲ್ಲಿ ಆಗಿತ್ತಲ್ಲ ಎನ್ನುತ್ತಾರೆ. ಹೌದು. ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕನ ಹಿತ, ಓದು, ರಾಜ್ಯಭಾರ ಮೂರನ್ನೂ ನೋಡಿಕೊಂಡು 1853ರವರೆಗೆ ಇದ್ದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಟೇಲರ್ ಮಂಜಿಲ್ ಇನ್ನೂ ಗುಡ್ಡದ ಮೇಲಿದೆ. ಆದರೆ ಈ ಪ್ರಯೋಗ ಹೇಳುವುದೇನು? ಒಬ್ಬ ಗುರು, ಒಬ್ಬ ಶಿಷ್ಯ, ಹನ್ನೆರಡು ವರ್ಷ. ಇದು ಅರಮನೆಯ ಲೆಕ್ಕ, ಸಾಲಿಯದಲ್ಲ. ಆ ಗುರುವಾದರೂ ಹಿಂದೂಸ್ತಾನಿ, ಪಾರ್ಸಿ, ಮರಾಠಿ ಕಲಿತು ಇಲ್ಲಿನ ಮಂದಿಯ ಜೊತೆ ಬೆರೆತವನು, ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಳೆದು ಬರೆದಿಟ್ಟವನು. ಅವನು ಹದಿನೈದರ ಹರೆಯದಲ್ಲೇ ಮನೆ ಬಿಟ್ಟು ಹಡಗು ಹತ್ತಿದವನು, ಡಿಗ್ರಿ ಇಲ್ಲ. ಇವತ್ತಿನ ಕೊರಿಯಾ ಅವನಿಗೆ ವೀಸಾ ಕೊಡುತ್ತಿರಲಿಲ್ಲ ಎಂಬುದು ಬೇರೆ ತಮಾಷೆ. ಫಲ ಏನಾಯಿತು ಎಂಬುದೂ ಗೊತ್ತಿದ್ದದ್ದೇ. 1858ರಲ್ಲಿ ಆ ಶಿಷ್ಯ ಗುರುವಿನ ಸರ್ಕಾರದ ಮೇಲೇ ತಿರುಗಿಬಿದ್ದ, ಸೆರೆಯಾದ, ಸೆರೆಮನೆಗೆ ಒಯ್ಯುವಾಗ ಪಿಸ್ತೂಲಿನ ಗುಂಡಿಗೆ ಪ್ರಾಣಬಿಟ್ಟ. ಸಾಹೇಬನ ಸಹವಾಸ ಹುಡುಗನನ್ನು ಸಾಹೇಬನನ್ನಾಗಿ ಮಾಡಲಿಲ್ಲ. ಸುರಪುರದವರು ಹೆಮ್ಮೆ ಪಡಬೇಕಾದದ್ದು ಇದಕ್ಕೇ ಎಂದು ನಾನು ಈ ಅಂಕಣದಲ್ಲಿ ಮೊದಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಕೊರಿಯಾಕ್ಕೂ ಯಾದಗಿರಿಗೂ ನಿಜವಾದ ಹೋಲಿಕೆ ಬೇಕಿದ್ದರೆ ಅದು ಇಂಗ್ಲಿಷಿನಲ್ಲಿಲ್ಲ, ಅದಕ್ಕೂ ಹಿಂದಿದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಸಾಲಿಯ ಭಾಷೆ ಜಪಾನಿ, 1938ರ ಮೇಲಂತೂ ಕೊರಿಯನ್ ಭಾಷೆಯೇ ಪಾಠಪಟ್ಟಿಯಿಂದ ಹೊರಬೀಳುತ್ತ ಹೋಯಿತು. ನಮ್ಮ ಸೀಮೆ 1948ರವರೆಗೆ ನಿಜಾಮನ ಕೈಯಲ್ಲಿತ್ತು. ಮೇಲಿನ ಓದಿನ ಭಾಷೆ ಉರ್ದು, ಕಚೇರಿಯದೂ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳಲು ಹೊರಟದ್ದು ದೇಶೀಭಾಷೆಗೆ ಸಂದ ಗೌರವವೆಂದು ಹೊಗಳುವವರಿದ್ದಾರೆ. ಉರ್ದು ಮನೆಮಾತಿನವರಿಗೆ ಅದು ಗೌರವವೇ. ಶಹಾಪುರದ ಒಕ್ಕಲಿಗನ ಮಗನಿಗೆ ಮಾತ್ರ ಅದು ಮತ್ತೊಂದು ಗೋಡೆ. ಎರಡೂ ಕಡೆ ಪರಭಾಷೆಯ ಸಾಲಿಯ ಫಲ ಒಂದೇ ಆಗಿತ್ತು: ಓದಿದವರು ಬೆರಳೆಣಿಕೆ, ಉಳಿದವರು ಹೆಬ್ಬೆಟ್ಟು. 1945ರಲ್ಲಿ ಕೊರಿಯಾದ ದೊಡ್ಡವರಲ್ಲಿ ನೂರಕ್ಕೆ 78 ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ತಮ್ಮ ಲಿಪಿಯಲ್ಲೇ ಊರೂರಿಗೆ ಅಕ್ಷರ ಹಂಚಿ, ಮುಂದಿನ ಹದಿನೈದು ವರ್ಷದಲ್ಲಿ ಆ ಚಿತ್ರವನ್ನೇ ಬದಲಿಸಿಬಿಟ್ಟರು. ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ 51.83. ರಾಜ್ಯದಲ್ಲೇ ಕೊನೆ. ಕೊರಿಯಾ 1945ರಿಂದ ಮುಂದಕ್ಕೆ ಮಾಡಿದ ಕೆಲಸವನ್ನು ಬಿಟ್ಟು 1995ರಲ್ಲಿ ಮಾಡಿದ್ದನ್ನು ಮಾತ್ರ ಹಿಡಿದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಎದುರು ವಾದಗಳಲ್ಲಿ ಸತ್ವವಿದ್ದದ್ದು ಇದೆ. ಕೊರಿಯಾದ ಹುಡುಗನಿಗೆ ಅವನ ಭಾಷೆಯಲ್ಲೇ ಸ್ಯಾಮ್ಸಂಗ್‌ನಲ್ಲಿ ನೌಕರಿ ಸಿಗುತ್ತದೆ, ನಮ್ಮ ಹುಡುಗ ಬೆಂಗಳೂರಿನ ಇಂಟರ್‌ವ್ಯೂದಲ್ಲಿ ಬಾಯಿ ಬಿಡುವುದು ಇಂಗ್ಲಿಷಿನಲ್ಲೇ ಎನ್ನುತ್ತಾರೆ. ಒಪ್ಪಿದೆ. ಪಿಯುಸಿ ವಿಜ್ಞಾನ, ಎಂಜಿನಿಯರಿಂಗ್, ಮೆಡಿಕಲ್ ಎಲ್ಲ ಇಂಗ್ಲಿಷಿನಲ್ಲಿರುವಾಗ ಹತ್ತನೇ ಇಯತ್ತೆ ದಾಟುವ ಹುಡುಗನಿಗೆ ಗಟ್ಟಿ ಇಂಗ್ಲಿಷ್ ಬೇಕೇ ಬೇಕು. ಶತಮಾನಗಳಿಂದ ಅಕ್ಷರದ ಹೊರಗಿಟ್ಟ ಕೇರಿಗಳವರು ಇಂಗ್ಲಿಷನ್ನು ಬಿಡುಗಡೆಯ ಬಾಗಿಲೆಂದು ನೋಡುವುದೂ ನ್ಯಾಯವೇ. ತಮ್ಮ ಮೊಮ್ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ವೇದಿಕೆಯ ಮೇಲೆ ಕನ್ನಡದ ಕಣ್ಣೀರು ಸುರಿಸುವವರ ಪಾಠ ಅವರಿಗೆ ಬೇಕಿಲ್ಲ. ಆದರೆ ಇದೆಲ್ಲ ಇಂಗ್ಲಿಷನ್ನು ಚೆನ್ನಾಗಿ ಕಲಿಸಿ ಎಂಬ ವಾದ. ಗಣಿತವನ್ನು ಇಂಗ್ಲಿಷಿನಲ್ಲಿ ಕೆಡಿಸಿ ಎಂಬ ವಾದವಲ್ಲ. ಸರ್ಕಾರಿ ಸಾಲಿಯ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ 2007ರಿಂದಲೇ ಇದೆ. ಅದನ್ನೇ ಸರಿಯಾಗಿ ಕಲಿಸಲು ಆಗದವರು ಅದರಲ್ಲಿ ಉಳಿದ ಎಲ್ಲ ವಿಷಯ ಕಲಿಸುತ್ತೇವೆನ್ನುವುದು, ಈಜು ಬಾರದವನನ್ನು ನಾರಾಯಣಪುರದ ಡ್ಯಾಮಿಗೆ ತಳ್ಳಿದಂತೆ ಎನ್ನದೆ ಬೇರೆ ಏನೆನ್ನಲಿ? 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಶೇ. 50.59 ಫಲಿತಾಂಶ ಪಡೆದು ಕೊನೆಯಲ್ಲಿ ನಿಂತಿತು. ಉಳಿದ ಅರ್ಧ ಮಕ್ಕಳು ಬೆಂಗಳೂರಿಗೆ ಹೋಗಲಿಲ್ಲವೆಂದಲ್ಲ. ಗುಳೆ ಹೋದರು. ಸೆಂಟ್ರಿಂಗ್ ಕೆಲಸಕ್ಕೆ ಯಾರೂ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಮಾಡುವುದಿಲ್ಲ.

ಕೊರಿಯಾ ಒಂದೇ ಭಾಷೆಯ ದೇಶ, ಇಲ್ಲಿ ತಾಂಡಾದಲ್ಲಿ ಲಂಬಾಣಿ, ಗುರುಮಠಕಲ್ ಕಡೆ ತೆಲುಗು, ಊರೊಳಗೆ ಉರ್ದು ಇದೆಯಲ್ಲ ಎಂದೂ ಕೇಳುತ್ತಾರೆ. ಇದೆ. ಆ ಮಗುವಿಗೆ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ. ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ಕನ್ನಡವೇ ಅದಕ್ಕೆ ಪುಸ್ತಕದಲ್ಲಿ ಕಷ್ಟವಾದರೆ, ಎಲ್ಲೂ ಕೇಳಿಸದ ಇಂಗ್ಲಿಷ್ ಸುಲಭವಾಗುವುದು ಹೇಗೆ? ಕೊರಿಯಾದಲ್ಲೂ ಇಂಗ್ಲಿಷಿನ ಹುಚ್ಚಿಲ್ಲವೇ ಎಂಬ ಪ್ರಶ್ನೆಗೆ ಉತ್ತರ, ಧಾರಾಳವಾಗಿದೆ. 2024ರಲ್ಲಿ ಅಲ್ಲಿನ ಪಾಲಕರು ಟ್ಯೂಷನ್ನಿಗೆ ಸುರಿದದ್ದು 29 ಲಕ್ಷ ಕೋಟಿ ವಾನ್‌ಗೂ ಹೆಚ್ಚು, ಅದರಲ್ಲಿ ಇಂಗ್ಲಿಷಿನದು ದೊಡ್ಡ ಪಾಲು. ನಾಲ್ಕು ವರ್ಷದ ಕೂಸುಗಳನ್ನು ಇಂಗ್ಲಿಷ್ ಬಾಲವಾಡಿಗೆ ನೂಕುವವರೂ ಇದ್ದಾರೆ. ಅಲ್ಲಿನ ಸರ್ಕಾರಗಳೇ ಅದನ್ನು ರೋಗವೆಂದು ಕರೆದು ಮದ್ದು ಹುಡುಕುತ್ತಿವೆ. ಬೇರೆಯವರ ಔಷಧ ಬಿಟ್ಟು ರೋಗ ತರಿಸಿಕೊಳ್ಳುವ ಶೋಕಿ ನಮ್ಮದು.

ಆದರೂ ಕೊರಿಯಾದಿಂದ ಏನಾದರೂ ತರಿಸಲೇಬೇಕು ಎಂದಿದ್ದರೆ ತರಿಸಿಕೊಳ್ಳಲಿ. ನವೆಂಬರ್ ತಿಂಗಳಲ್ಲಿ ಅಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ನಡೆಯುವಾಗ ಅರ್ಧ ಗಂಟೆಗೂ ಮಿಕ್ಕ ಹೊತ್ತು ದೇಶದ ಯಾವ ನಿಲ್ದಾಣದಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಮಕ್ಕಳ ಕಿವಿಗೆ ಸದ್ದು ಬೀಳಬಾರದು ಎಂದು. ಅದೇ ನವೆಂಬರಿನಲ್ಲಿ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ಸಾಲಿಗೆ ಹೋಗಬೇಕಾದ ಹುಡುಗಿಯರನ್ನು ಬೆಳಗ್ಗೆ ಬೆಳಗ್ಗೆ ತುಂಬಿಕೊಂಡು ಹೋಗುವ ಟಂಟಂಗಳು ಎಲ್ಲರ ಕಣ್ಣೆದುರೇ ಓಡಾಡುತ್ತವೆ. ವಿಮಾನ ನಿಲ್ಲಿಸಿದವರ ಹೆಸರು ಹೇಳಿ ಭಾಷಣ ಮಾಡುವ ನಾಯಕರು ಮೊದಲು ಒಂದು ಟಂಟಂ ನಿಲ್ಲಿಸಿ ತೋರಿಸಲಿ. ಇಂಗ್ಲಿಷಿನಲ್ಲಿ ಕೈ ಮಾಡಿ ನಿಲ್ಲಿಸಿದರೂ ನನ್ನ ಅಭ್ಯಂತರವಿಲ್ಲ.