ಹೆಂಡತಿಯ ಹೆಸರಲ್ಲೂ ಒಂದು ಅಕೌಂಟ್ ಇರಲಿ

ಅಮೆರಿಕಕ್ಕೆ ಹೊಸದಾಗಿ ಬರೋ ನಮ್ಮವರಿಗೆ ಇಲ್ಲಿನ ಹಳಬರು ಒಂದು ಪಟ್ಟಿ ಕೊಡ್ತಾರೆ. ಕುಕ್ಕರ್ ತನ್ನಿ, ಸಾರಿನಪುಡಿ ತನ್ನಿ, ಬಂದ ಕೂಡಲೇ ಎಸ್ಎಸ್ಎನ್‌ಗೆ ಅರ್ಜಿ ಹಾಕಿ, ಬ್ಯಾಂಕ್ ಅಕೌಂಟ್ ತೆಗೀರಿ, ಆಮೇಲೆ ಡ್ರೈವಿಂಗ್ ಲೈಸೆನ್ಸು... ಸಾರಿನಪುಡಿ ಇಬ್ಬರಿಗೂ ಸೇರಿದ್ದು. ಆದರೆ ಬ್ಯಾಂಕ್ ಅಕೌಂಟ್ ಮಾತ್ರ ಎಚ್1ಬಿ ವೀಸಾದವರದ್ದು, ಅಂದರೆ ಬಹುಪಾಲು ಮನೆಗಳಲ್ಲಿ ಗಂಡನದ್ದು. ಎಚ್4 ವೀಸಾದಲ್ಲಿ ಬಂದ ಹೆಂಡತಿಯ ವಿಷಯ ಬಂದರೆ ಎಲ್ಲರದ್ದೂ ಒಂದೇ ಉತ್ತರ: 'ಎಸ್ಎಸ್ಎನ್ ಇಲ್ವಲ್ಲ, ಅಕೌಂಟ್ ಕೊಡಲ್ಲ ಬಿಡಿ.'

ಈ ಮಾತು ಎಷ್ಟು ಹಳೆಯದೋ ಅಷ್ಟೇ ತಪ್ಪು.

ಕೆಲಸ ಮಾಡೋ ಅನುಮತಿ ಇಲ್ಲದ ಎಚ್4ನವರಿಗೆ ಸಾಮಾನ್ಯವಾಗಿ ಎಸ್ಎಸ್ಎನ್ ಸಿಗೋದಿಲ್ಲ, ಅದು ನಿಜ. ಆದರೆ ಅಕೌಂಟ್ ತೆರೆಯೋಕೆ ಅದೇ ಬೇಕು ಅಂತ ಕಾನೂನು ಹೇಳೋದಿಲ್ಲ. 2001ರ ಪೇಟ್ರಿಯಟ್ ಆಕ್ಟ್ ಪ್ರಕಾರ ಗ್ರಾಹಕರ ಗುರುತು ಪತ್ತೆಹಚ್ಚೋಕೆ 2003ರಲ್ಲಿ ನಿಯಮ ಬಂತು. ಅದರ ಪ್ರಕಾರ ಬ್ಯಾಂಕ್ ಕೇಳಬೇಕಾದ್ದು ನಾಲ್ಕು ವಿಷಯ: ಹೆಸರು, ಹುಟ್ಟಿದ ದಿನ, ವಿಳಾಸ, ಒಂದು ಗುರುತಿನ ಸಂಖ್ಯೆ. ಅಮೆರಿಕದ ಪ್ರಜೆಗಳಿಗೆ ಆ ಸಂಖ್ಯೆ ತೆರಿಗೆ ಸಂಖ್ಯೆಯೇ ಆಗಬೇಕು. ಬೇರೆ ದೇಶದವರಿಗೆ ಪಾಸ್‌ಪೋರ್ಟ್ ನಂಬರು, ಅದನ್ನು ಕೊಟ್ಟ ದೇಶದ ಹೆಸರು ಇದ್ದರೂ ಸಾಕು. ಅಂದರೆ ಮೈಸೂರಿನಿಂದ ಬಂದವಳ ಪರ್ಸಿನಲ್ಲಿ ಇರೋ ನೀಲಿ ಪುಸ್ತಕ ಸಾಕು!

ಮತ್ತೆ ಯಾಕೆ ಕೊಡಲ್ಲ ಅಂತಾರೆ? ಎರಡು ಕಾರಣ. ಒಂದು, ಇಂಟರ್ನೆಟ್ಟಿನ ಅರ್ಜಿ. ಬಹಳಷ್ಟು ಬ್ಯಾಂಕುಗಳ ಅರ್ಜಿಯಲ್ಲಿ ಎಸ್ಎಸ್ಎನ್ ಕಾಲಂ ತುಂಬದೆ ಮುಂದಿನ ಪುಟವೇ ಬರೋದಿಲ್ಲ. ಎರಡನೆಯದು, ಕಾನೂನು ಪಾಸ್‌ಪೋರ್ಟ್ ಒಪ್ಪಿಕೊಳ್ಳಬಹುದು ಅನ್ನುತ್ತೆ, ಒಪ್ಪಲೇಬೇಕು ಅನ್ನೋದಿಲ್ಲ. ಆ 'ಬಹುದು' ಅನ್ನೋ ಸಂದಿಯಲ್ಲಿ ಒಂದೊಂದು ಬ್ಯಾಂಕಿಗೆ ಒಂದೊಂದು ಪದ್ಧತಿ, ಕೆಲವು ಸಲ ಒಂದೇ ಬ್ಯಾಂಕಿನ ಎರಡು ಶಾಖೆಗೆ ಎರಡು ಪದ್ಧತಿ. ನನ್ನ ಪರಿಚಯದ ಒಬ್ಬರಿಗೆ ಮನೆ ಹತ್ತಿರದ ಶಾಖೆಯಲ್ಲಿ ಖಡಾಖಂಡಿತವಾಗಿ ಇಲ್ಲ ಅಂದರು. ಎರಡು ಮೈಲಿ ಆಚೆಗಿನ ಅದೇ ಬ್ಯಾಂಕಿನ ಇನ್ನೊಂದು ಶಾಖೆಯಲ್ಲಿ ಅರ್ಧ ಗಂಟೆಗೆ ಅಕೌಂಟ್ ಆಯ್ತು. ಕಾನೂನು ಬದಲಾಗಿರಲಿಲ್ಲ, ಕೌಂಟರಿನ ಆಚೆ ಕೂತವರು ಬದಲಾಗಿದ್ದರು ಅಷ್ಟೇ.

ಈ ವಿಷಯದಲ್ಲಿ ಯೂರೋಪಿನವರು ಮೇಲು. ಯೂರೋಪಿಯನ್ ಯೂನಿಯನ್ 2014ರಲ್ಲಿ ಒಂದು ನಿರ್ದೇಶನ ಹೊರಡಿಸಿ, ಅಲ್ಲಿ ಕಾನೂನುಬದ್ಧವಾಗಿ ಇರೋ ಯಾರಿಗೇ ಆಗಲಿ ಸಾಧಾರಣ ಅಕೌಂಟ್ ತೆರೆಯೋದು ಹಕ್ಕು ಅಂತ ಮಾಡಿತು. ಖಾಯಂ ವಿಳಾಸ ಇಲ್ಲದವರಿಗೂ, ಆಶ್ರಯ ಕೇಳಿ ಬಂದವರಿಗೂ ಆ ಹಕ್ಕಿದೆ. ಅಮೆರಿಕದಲ್ಲೂ ಅಂಥದ್ದು ಬರಬೇಕು ಅಂತ ನನ್ನ ವಾದ. ದೇಶದೊಳಗೆ ಬಿಡುವಾಗ ವೀಸಾ ಕೊಟ್ಟು, ಬೆರಳಚ್ಚು ತಗೊಂಡು, ಫೋಟೋ ಹಿಡಿದ ಮೇಲೆ, ನೀನು ಯಾರೋ ನಮಗೆ ಗೊತ್ತಿಲ್ಲ ಅಂತ ಬ್ಯಾಂಕ್ ಹೇಳೋದರಲ್ಲಿ ಅರ್ಥವಿಲ್ಲ.

ಆದರೆ ನನ್ನ ಹೆಚ್ಚಿನ ತಕರಾರು ಬ್ಯಾಂಕಿನ ಮೇಲಲ್ಲ, ನಮ್ಮ ಮೇಲೆ. ಬೆಂಗಳೂರಿನಲ್ಲಿ ಕೈತುಂಬಾ ಸಂಬಳ ತರ್ತಿದ್ದ ಹೆಣ್ಣುಮಗಳು ಇಲ್ಲಿ ಬಂದು 'ರೀ, ಇಪ್ಪತ್ತು ಡಾಲರ್ ಇಟ್ಟು ಹೋಗಿ' ಅನ್ನೋ ಸ್ಥಿತಿಗೆ ಬಂದರೆ ಅದಕ್ಕೆ ವೀಸಾ ಅರ್ಧ ಕಾರಣ, ನಮ್ಮ ಸೋಮಾರಿತನ ಇನ್ನರ್ಧ. ಕೆಲಸ ಮಾಡಬಾರದು ಅಂತ ವೀಸಾ ಹೇಳುತ್ತೆ. ದುಡ್ಡು ಇಟ್ಟುಕೊಳ್ಳಬಾರದು ಅಂತ ಅದು ಎಲ್ಲೂ ಹೇಳಿಲ್ಲ.

'ನನ್ನದೇನು, ಅವಳದೇನು, ಎಲ್ಲ ಒಂದೇ ಅಲ್ವಾ?' ಅನ್ನೋ ಗಂಡಂದಿರಿದ್ದಾರೆ. ಸಂತೋಷ. ಹಾಗಿದ್ದರೆ ಹೆಸರು ಸೇರಿಸೋಕೆ ಏನು ಅಡ್ಡಿ? ಅಮಂಗಳದ ಮಾತು ಅಂದುಕೊಳ್ಳಬೇಡಿ, ಆದರೂ ಹೇಳಲೇಬೇಕು. ಅಕೌಂಟ್ ಗಂಡನೊಬ್ಬನ ಹೆಸರಲ್ಲಿದ್ದು, ಆತ ತನ್ನ ನಂತರ ಹಣ ಯಾರಿಗೆ ಅಂತ ಬರೆಸದೇ ಹೋಗಿಬಿಟ್ಟರೆ, ಬ್ಯಾಂಕು ಕೋರ್ಟಿನ ಪತ್ರವನ್ನೋ, ಆಯಾ ರಾಜ್ಯದ ಕಾನೂನಿನಂತೆ ಅಫಿಡವಿಟ್ಟನ್ನೋ ಕೇಳುತ್ತೆ. ಆ ಹೊತ್ತಿಗೆ ಬಾಡಿಗೆ ಕಟ್ಟಬೇಕು, ಊರಿಗೆ ಟಿಕೆಟ್ ತೆಗೀಬೇಕು. ದುಡ್ಡು ಇರುತ್ತೆ, ಕೈಗೆ ಬರೋದಿಲ್ಲ.

ಇನ್ನು ಜಂಟಿ ಅಕೌಂಟ್ ಸಾಕಲ್ಲ ಅನ್ನೋರು. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ಸಾಮಾನ್ಯವಾಗಿ ಜಂಟಿ ಅಕೌಂಟಿನಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ಹಣ ತೆಗೆಯಬಹುದು. ಎಲ್ಲ ಮದುವೆಗಳೂ ಸುಖವಾಗಿರೋದಿಲ್ಲ. ಮನೆ ಬಿಟ್ಟು ಹೊರಡಬೇಕಾಗಿ ಬಂದವಳಿಗೆ ತನ್ನೊಬ್ಬಳದೇ ಹೆಸರಿನ ಅಕೌಂಟಿನಲ್ಲಿರೋ ಐನೂರು ಡಾಲರ್ ದೊಡ್ಡ ಆಸರೆ. ಅದಕ್ಕೇ ಜಂಟಿಯದ್ದೂ ಇರಲಿ, ಅವಳದೇ ಚಿಕ್ಕದೊಂದೂ ಇರಲಿ. ಎಫ್‌ಡಿಐಸಿ ವಿಮೆ ಇರೋ ಬ್ಯಾಂಕಾದರೆ 2,50,000 ಡಾಲರ್ ತನಕ ರಕ್ಷಣೆ ಇದೆ, ಅದಕ್ಕೆ ಅಮೆರಿಕದ ಪ್ರಜೆ ಆಗಿರಬೇಕಿಲ್ಲ.

'ನಾಳೆ ವಾಪಸ್ ಹೋಗೋರು ನಾವು' ಅನ್ನೋದೂ ನೆಪವೇ. ಹೊರದೇಶದಲ್ಲಿದ್ದಾಗ ಮಾಡಿಕೊಂಡ ಅಕೌಂಟನ್ನು ಭಾರತಕ್ಕೆ ಮರಳಿದ ಮೇಲೂ ಇಟ್ಟುಕೊಳ್ಳೋಕೆ 1999ರ ಫೆಮಾ ಕಾಯ್ದೆಯ 6(4)ನೇ ಕಲಂ ಅವಕಾಶ ಕೊಟ್ಟಿದೆ. ತೆರಿಗೆ ಲೆಕ್ಕದಲ್ಲಿ ಸಂಪೂರ್ಣ ನಿವಾಸಿಗಳಾದ ಮೇಲೆ ರಿಟರ್ನ್‌ನ ಶೆಡ್ಯೂಲ್ ಎಫ್ಎಯಲ್ಲಿ ಅದನ್ನು ತೋರಿಸಬೇಕು, ಮರೆಯಬಾರದು ಅಷ್ಟೇ.

ಹಾಗಾಗಿ ಹೊಸದಾಗಿ ಬರೋರಿಗೆ ನನ್ನ ಪಟ್ಟಿ ಇದು. ಮನೆ ಲೀಸ್ ಬರೆಸುವಾಗಲೇ ಇಬ್ಬರ ಹೆಸರೂ ಹಾಕಿಸಿ, ವಿಳಾಸಕ್ಕೆ ಅದೇ ಆಧಾರ ಆಗುತ್ತೆ. ಕರೆಂಟ್ ಬಿಲ್ಲೋ ಫೋನ್ ಬಿಲ್ಲೋ ಒಂದು ಹೆಂಡತಿಯ ಹೆಸರಲ್ಲಿರಲಿ. ಇಂಟರ್ನೆಟ್ಟಿನಲ್ಲಿ ಗುದ್ದಾಡದೆ ಪಾಸ್‌ಪೋರ್ಟ್, ವೀಸಾ, ಐ-94 ಹಿಡಿದು ಶಾಖೆಗೇ ಹೋಗಿ. ಇಲ್ಲ ಅಂದರೆ ಜಗಳ ಬೇಡ, ಥ್ಯಾಂಕ್ಸ್ ಹೇಳಿ ಮುಂದಿನ ಶಾಖೆಗೆ ಹೋಗಿ, ಅಲ್ಲೂ ಆಗದಿದ್ದರೆ ಬೇರೆ ಬ್ಯಾಂಕಿಗೆ. ಮುಂದೆ ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡುವಾಗ ಅವಳಿಗೆ ಐಟಿಐಎನ್ ಬಂದರೆ ಅದನ್ನೂ ಬ್ಯಾಂಕಿಗೆ ಕೊಡಿ.

ಕುಕ್ಕರ್ ಇಲ್ಲಿಯೂ ಸಿಗುತ್ತೆ, ಎಡಿಸನ್ನಿನ ಅಂಗಡಿಗಳಲ್ಲಿ ಸಾರಿನಪುಡಿಯೂ ಸಿಗುತ್ತೆ. ಬಂದ ಮೊದಲ ವಾರ ಈ ಒಂದು ಕೆಲಸ ಮಾಡಿ ಮುಗಿಸಿ.