ಮಾತು ಮೊದಲು, ಚಿತ್ರ ಅನಂತರ

ಅಮೆರಿಕದ ಜಾನ್ ಮತ್ತು ಫೇತ್ ಹಬ್ಲಿ ದಂಪತಿಗಳು 1962ರಲ್ಲಿ ನಿರ್ಮಿಸಿದ ‘ದಿ ಹೋಲ್’ ಎಂಬ ಕಿರು ಅನಿಮೇಷನ್ ಚಿತ್ರದಲ್ಲಿ, ನ್ಯೂಯಾರ್ಕಿನ ಬೀದಿಯಡಿಯ ಹೊಂಡದೊಳಗೆ ದುಡಿಯುವ ಕಾರ್ಮಿಕರಿಬ್ಬರು ಅಪಘಾತಗಳನ್ನೂ ಅಣುಯುದ್ಧದ ಭೀತಿಯನ್ನೂ ಕುರಿತು ಆಡುವ ಮಾತುಗಳು, ಲಿಖಿತ ಪಾಠಕ್ಕೆ ಬದ್ಧವಾಗದೆ, ಜಾಸ್ ವಾದಕ ಡಿಜ್ಜಿ ಗಿಲೆಸ್ಪಿ ಹಾಗೂ ನಟ ಜಾರ್ಜ್ ಮ್ಯಾಥ್ಯೂಸ್ ಅವರ ಆಶುಸಂಭಾಷಣೆಯಿಂದಲೇ ಉದ್ಭವಿಸಿದುವು. ಆ ಕೃತಿಗೆ ಆಸ್ಕರ್ ಪ್ರಶಸ್ತಿ ಸಂದಿತು. ಅದಕ್ಕೂ ಮುನ್ನ, 1959ರ ‘ಮೂನ್‌ಬರ್ಡ್’ ಚಿತ್ರಕ್ಕಾಗಿ, ಹಬ್ಲಿ ದಂಪತಿಗಳು ತಮ್ಮ ಪುತ್ರರಿಬ್ಬರ ಆಟದ ಮಾತುಗಳನ್ನೇ ಧ್ವನಿಮುದ್ರಿಸಿಕೊಂಡಿದ್ದರು.

ವೇಷವಿಲ್ಲದೆ, ನೃತ್ಯವಿಲ್ಲದೆ, ಭಾಗವತರ ಪದ್ಯವೊಂದನ್ನೇ ಆಧಾರವಾಗಿರಿಸಿಕೊಂಡು, ಎದುರಾಳಿಯ ತರ್ಕಕ್ಕೆ ಆ ಕ್ಷಣದಲ್ಲಿಯೇ ಪ್ರತ್ಯುತ್ತರವನ್ನು ಸೃಜಿಸುವ ತಾಳಮದ್ದಳೆಯೂ, ಅದರಲ್ಲಿ ಮೆರೆದ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳೂ ಇರುವ ನಾಡಿಗೆ ಈ ಆಶುಸಂಭಾಷಣೆಯ ವಿದ್ಯೆ ಪರಕೀಯವೆಂದು ಯಾರು ಹೇಳಬಲ್ಲರು? ಚಾಮರಾಜನಗರ ಸೀಮೆಯಲ್ಲಂತೂ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಕೇಳುಗರ ಮುಖವನ್ನು ನೋಡಿ ಕಥೆಯನ್ನು ಹಿಗ್ಗಿಸುವರು, ಕುಗ್ಗಿಸುವರು.

ಸೆಕೆಂಡೊಂದಕ್ಕೆ ಹನ್ನೆರಡರಿಂದ ಇಪ್ಪತ್ತನಾಲ್ಕು ಚಿತ್ರಗಳನ್ನು ಬೇಡುವ ಅನಿಮೇಷನ್ ಕಲೆಯಲ್ಲಿ ಯದೃಚ್ಛೆಗೆ ಎಡೆಯಿಲ್ಲವೆಂಬ ಶಂಕೆ ಸಹಜವಾದರೂ, ಧ್ವನಿಯು ಸಾಮಾನ್ಯವಾಗಿ ಚಿತ್ರಕ್ಕೆ ಮುಂಚೆಯೇ ಮುದ್ರಿತವಾಗುವುದರಿಂದ, ಗಂಟೆಗಟ್ಟಲೆ ಮಾತನ್ನು ಹರಿಯಬಿಟ್ಟು, ಅದರಿಂದ ಐದು ನಿಮಿಷಗಳ ಸಾರವನ್ನು ಆಯ್ದು, ಅನಂತರವೇ ರೇಖೆಗಿಳಿಸಬಹುದು. ಕೈಗಾರಿಕಾ ಪ್ರದೇಶವು ತಲೆಯೆತ್ತಿರುವ, ಅದೇ ಚಾಮರಾಜನಗರ ಸೀಮೆಯ ಬದನಗುಪ್ಪೆಯಲ್ಲಿ, ಹೊಲವನ್ನು ಉತ್ತ ವೃದ್ಧನೊಬ್ಬನೂ ಕಾರ್ಖಾನೆಗೆ ಹೊರಟ ಅವನ ಮೊಮ್ಮಗಳೂ ತಮ್ಮದೇ ಆಡುನುಡಿಯಲ್ಲಿ ಆಡುವ ಮಾತನ್ನು, ಗ್ರಂಥಸ್ಥ ಕನ್ನಡಕ್ಕೆ ತಿದ್ದದೆ, ನಮ್ಮ ಚಿತ್ರಕಲಾ ಶಾಲೆಗಳ ವಿದ್ಯಾರ್ಥಿಗಳು ಮೊದಲು ಧ್ವನಿಮುದ್ರಿಸಿಕೊಳ್ಳಲಿ. ಅದಕ್ಕೆ ಬೇಕಾದ ಅಲ್ಪ ಧನವನ್ನು ಸರ್ಕಾರದ ಸಂಸ್ಕೃತಿ ಇಲಾಖೆಯು ಈ ವರ್ಷವೇ ಒದಗಿಸಬೇಕು.