ಕಲ್ಲುಕೋರೆಯಲ್ಲಿ ಭಾಗವತಿಕೆ ಏಕೆ?



ಕರಾವಳಿಯಲ್ಲಿ ಪಾಳುಬಿದ್ದ ಕೆಂಪುಕಲ್ಲಿನ ಕೋರೆಗಳಿಗೆ ಇಳಿದು ಸಂಗೀತವನ್ನು ಧ್ವನಿಮುದ್ರಿಸಬೇಕೆಂಬ ಉತ್ಸಾಹ ನಿಮ್ಮಲ್ಲಿ ಕೆಲವರಿಗೆ ಬಂದಿದೆ. ಸ್ಟುಡಿಯೋದ ಸತ್ತ ಗೋಡೆಗಳಿಗಿಂತ ಕಲ್ಲಿನ ಮಾರ್ದನಿ ಸಹಜವಾದುದೆಂಬುದು ನಿಮ್ಮ ವಾದ. ಕೊಳಲಿನ ಮಟ್ಟಿಗೆ ಒಪ್ಪುತ್ತೇನೆ. ಅಮೆರಿಕದ ಪಾಲ್ ಹಾರ್ನ್ 1968ರಲ್ಲಿ ತಾಜಮಹಲಿನ ಗುಮ್ಮಟದಡಿ ಕೊಳಲು ನುಡಿಸಿ ಮುದ್ರಿಸಿಕೊಂಡದ್ದು ಪ್ರಸಿದ್ಧ. ನಮ್ಮ ಗೋಲಗುಮ್ಮಟದಲ್ಲಿ ಪಿಸುಮಾತು ಸುತ್ತಿ ಬರುವುದನ್ನು ಶಾಲಾಪ್ರವಾಸದಲ್ಲಿ ನೀವೇ ಕೇಳಿದ್ದೀರಿ. (ಕಿರುಚಬೇಡಿರೆಂದರೆ ಕೇಳಿದವರಾರು!)

ಆದರೆ ಚೆಂಡೆ, ಮದ್ದಳೆ, ಭಾಗವತರನ್ನೂ ಅಲ್ಲಿಗೇ ಕರೆದೊಯ್ಯುವ ಯೋಚನೆಗೆ ನನ್ನ ಸ್ಪಷ್ಟ ವಿರೋಧವಿದೆ.

ತರಗತಿಯ ಲೆಕ್ಕವನ್ನೇ ನೆನಪಿಸಿಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹದಿನೇಳು ಮೀಟರ್ ದೂರದ ಗೋಡೆಗೆ ತಾಗಿದ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳುತ್ತದೆ. ಚೆಂಡೆಯ ಮೇಲೆ ಸೆಕೆಂಡಿಗೆ ಹತ್ತು ಪೆಟ್ಟು ಬಿದ್ದರೆ, ಮರಳಿ ಬಂದ ಪೆಟ್ಟು ಮುಂದಿನ ಪೆಟ್ಟಿನ ತಲೆಯ ಮೇಲೆಯೇ ಕೂರುತ್ತದೆ. ಭಾಗವತರ ಪದ್ಯದ ಅಕ್ಷರಗಳ ಗತಿಯೂ ಅದೇ. ಸಾಹಿತ್ಯ ಕೇಳದ ಯಕ್ಷಗಾನ ಯಾರಿಗೆ ಬೇಕು? ಕೆಂಪುಕಲ್ಲು ರಂಧ್ರಮಯ, ಕರಿಕಲ್ಲಿನಷ್ಟು ಶಬ್ದವನ್ನು ಮರಳಿಸದು ಎನ್ನುವಿರಿ. ಹಾಗಿದ್ದರೆ ಮಾರ್ದನಿಗಾಗಿ ಅಲ್ಲಿಗೆ ಹೋಗುವುದಾದರೂ ಏಕೆ? ಅಲೆಯ ಮೊರೆತವನ್ನೂ ಗಾಳಿಯ ಸದ್ದನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವವರು ಸಹಜತೆಯ ಮಾತನ್ನಾಡುವುದು ನನಗೆ ಅರ್ಥವಾಗದು.

ಈ ಕಲೆಯ ಹೆಸರೇ ಬಯಲಾಟ. ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ. ಕೊಯ್ಲಾದ ಗದ್ದೆಯಲ್ಲಿ, ಗೋಡೆಯಿಲ್ಲದೆಡೆ, ದೂರದ ಮನೆಗೂ ಕೇಳಲೆಂದು ಬೆಳೆದ ವಾದ್ಯ ಚೆಂಡೆ. ಅದನ್ನು ಹೊಂಡಕ್ಕೆ ಇಳಿಸುವುದು ನವಿಲನ್ನು ಗೂಡಿನಲ್ಲಿಟ್ಟು ಕುಣಿ ಎಂದಂತೆ. ಹಿಂದೆ 78 ವೇಗದ ಗ್ರಾಮಫೋನ್ ತಟ್ಟೆ, ಒಂದು ಮಗ್ಗುಲಿಗೆ ಮೂರು ನಿಮಿಷವೆಂದು, ಹಾಡನ್ನು ಕತ್ತರಿಸಿತು. ಅಂದು ಯಂತ್ರದ ದರ್ಬಾರು. ಇಂದು ಸ್ಥಳದ ಶೋಕಿ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ. ಕಲ್ಲು ತೆಗೆದು ಹಾಗೆಯೇ ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಈಜಲು ಹೋದ ಮಕ್ಕಳು ಅವುಗಳಲ್ಲಿ ಮುಳುಗಿದ ಸುದ್ದಿಗಳನ್ನು ನಾವು ಓದಿದ್ದೇವೆ. ಅಗೆದವರು ಮುಚ್ಚಬೇಕಾದ ಗಾಯವನ್ನು ನೀವು ರಂಗಮಂಟಪವೆಂದು ಕೊಂಡಾಡಿದರೆ, ಮುಚ್ಚಿರೆಂದು ಕೇಳುವವರು ಯಾರು?

ಯಂತ್ರ ನಿಮ್ಮಲ್ಲಿದೆ, ಉತ್ಸಾಹವಿದೆ. ಘಾಟಿ ಹತ್ತಿ ಬನ್ನಿ. ಬಣಕಲ್, ಬಾಳೂರಿನ ಕಡೆಯ ಮನೆಗಳಲ್ಲಿ ಸೋಬಾನೆ ಪದ, ಬೀಸುವ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರಿಗೆ ಮಾರ್ದನಿ ಬೇಡ, ಕೇಳುವ ಕಿವಿ ಬೇಕು. ಅವರ ಜಗಲಿಯಲ್ಲಿಯೇ ಕುಳಿತು, ಕೋಳಿ ಕೂಗಿದರೂ ಕೂಗಲಿ, ಮುದ್ರಿಸಿಕೊಳ್ಳಿ. ಯಾರಿಂದ ಕಲಿತರು, ಯಾವ ಶಾಸ್ತ್ರಕ್ಕೆ ಹಾಡುತ್ತಿದ್ದರು ಎಂಬುದನ್ನೂ ಬರೆದುಕೊಳ್ಳಿ. ಒಂದು ಪ್ರತಿಯನ್ನು ಆ ಮನೆಗೇ ಕೊಡಿ. ಡಿಸೆಂಬರಿನಿಂದ ಮಾರ್ಚಿಯೊಳಗೆ ಬಂದರೆ ಒಳಿತು. ಆಮೇಲೆ ಬಂದರೆ ಕೊಟ್ಟಿಗೆಹಾರದ ಹೆಂಚಿನ ಮೇಲಿನ ಮಳೆಯೊಂದೇ ಮುದ್ರಣವಾದೀತು.